ಆರು ನಿಲ್ದಾಣ, ನಲವತ್ತಾರು ಊರು: ತಿತಿಮತಿ ಕಡೆಯ ಆರೋಗ್ಯ ವ್ಯಾನ್‌ನ ಲೆಕ್ಕ

ವ್ಯಾನ್ ಇರುವುದು ಒಂದು. ಡಾಕ್ಟರ್ ಸಿಗುವುದು ವಾರಕ್ಕೆ ಮೂರು ದಿನ. ದಿನಕ್ಕೆ ಎರಡು ಕಡೆ ನಿಲ್ಲಿಸಬಹುದು, ಅದಕ್ಕಿಂತ ಜಾಸ್ತಿ ಆದರೆ ಎಲ್ಲಿಯೂ ಸರಿಯಾಗಿ ನೋಡಲು ಆಗುವುದಿಲ್ಲ. ಹಾಗಾಗಿ ಒಟ್ಟು ಆರು ನಿಲ್ದಾಣ. ಜನ ಇರುವುದು ಮಾತ್ರ 46 ಕಡೆ. ಜೇನುಕುರುಬರ, ಯರವರ ಹಾಡಿಗಳು (ಬುಡಕಟ್ಟಿನವರ ಕೇರಿಗಳು), ತೋಟದ ಕೂಲಿಯವರ ಲೈನ್ ಮನೆಗಳು, ಪೈಸಾರಿ ಅಂದರೆ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಹತ್ತಿಪ್ಪತ್ತು ಮನೆಗಳ ಗುಂಪುಗಳು. ಕೊಡಗಿನ ತಿತಿಮತಿಯಿಂದ ಮಾಲ್ದಾರೆ ಕಡೆಗೆ ಒಂದು ತುಂಡು, ಬಾಳೆಲೆ ಕಡೆಗೆ ಇನ್ನೊಂದು ತುಂಡು. ಒಂದು ಬದಿ ನಾಗರಹೊಳೆ ಕಾಡು, ಇನ್ನೊಂದು ಬದಿ ಕಾಫಿ ತೋಟ. ವ್ಯಾನ್ ಎಲ್ಲೆಲ್ಲಿ ನಿಲ್ಲಬೇಕು?

ಇದು ನನ್ನ ಹತ್ತಿರ ಬಂದ ಪ್ರಶ್ನೆ. ನಾನು ನಕ್ಷೆ ಕೆಲಸ ಮಾಡುವವನು. ವ್ಯಾನ್ ನಡೆಸುವ ಟ್ರಸ್ಟಿನವರು ಒಂದು ನಕ್ಷೆ ಮಾಡಿಕೊಡಿ ಅಂದರು, ನಾನು ಒಂದು ವಾರದ ಕೆಲಸ ಅಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು. ಹಾಡಿಗಳ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿನ ಜನರ ಕಾಯಿಲೆಯ ವಿಚಾರ ಇದರಲ್ಲಿ ಇದೆ. ಲೆಕ್ಕ ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಪೂರ್ತಿ ಹೇಳುತ್ತೇನೆ. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ಬೇಕಾಗಬಹುದು.

ಮೊದಲು ವ್ಯಾನ್ ನಿಲ್ಲಬಹುದಾದ ಜಾಗಗಳನ್ನು ಪಟ್ಟಿ ಮಾಡಿದೆವು. ಡ್ರೈವರ್ ಅಣ್ಣನಿಗೆ ಆ ದಾರಿಗಳೆಲ್ಲ ಅಂಗೈ ಮೇಲಿನ ಗೆರೆ. ವ್ಯಾನ್ ತಿರುಗಿಸಲು ಜಾಗ ಬೇಕು, ಮಳೆಯಲ್ಲಿ ಹೂತುಹೋಗಬಾರದು, ಜನ ಕೂರಲು ಒಂದು ಸೂರು ಬೇಕು. ಶಾಲೆ ಅಂಗಳ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ಮುಂದಿನ ಜಾಗ, ಬಸ್ ತಂಗುದಾಣ, ಕೆಲವು ತೋಟದ ಗೇಟು, ಎಲ್ಲ ಸೇರಿ 22 ಆಯಿತು. 22ರಲ್ಲಿ ಆರನ್ನು ಆರಿಸಬೇಕು. ಯಾವ ಆರನ್ನು ಆರಿಸಿದರೆ ಎಲ್ಲರೂ ಸೇರಿ ನಡೆಯುವ ದಾರಿ ಅತಿ ಕಡಿಮೆ ಆಗುತ್ತದೆ? ಈ ವಿದ್ಯೆಯಲ್ಲಿ ಇದಕ್ಕೆ ಪಿ-ಮೀಡಿಯನ್ ಸಮಸ್ಯೆ ಅಂತ ಹೆಸರು. ಪ್ರತಿ ಊರಿನ ಜನಸಂಖ್ಯೆಯನ್ನು ಅಲ್ಲಿಂದ ಹತ್ತಿರದ ನಿಲ್ದಾಣಕ್ಕೆ ಇರುವ ದೂರದಿಂದ ಗುಣಿಸು, ಎಲ್ಲವನ್ನೂ ಕೂಡು, ಆ ಮೊತ್ತವನ್ನು ಆದಷ್ಟು ಇಳಿಸು. ಹಕೀಮಿ ಅನ್ನುವ ಸಂಶೋಧಕ 1964ರಲ್ಲೇ ಇದನ್ನು ರಸ್ತೆ ಜಾಲದ ಮೇಲೆ ಇಟ್ಟು ನೋಡಿದ್ದರು.

ನಾನು ಮೊದಲ ನಕ್ಷೆಯನ್ನು ಮನೆಯಲ್ಲೇ ಕೂತು ಮಾಡಿದೆ. ಕ್ಯೂಜಿಐಎಸ್ ಅನ್ನುವ ನಕ್ಷೆಯ ಪ್ರೋಗ್ರಾಂ ತೆರೆದು, 46 ಚುಕ್ಕೆ, 22 ಚುಕ್ಕೆ, ನಡುವೆ ನೇರ ದೂರ. ಆರು ಜಾಗ ಬಂತು. ಚೆನ್ನಾಗಿ ಬಣ್ಣ ಹಾಕಿ ಪ್ರಿಂಟ್ ತೆಗೆದುಕೊಂಡು ಹೋದೆ. ಆಶಾ ಕಾರ್ಯಕರ್ತೆ ಅಕ್ಕ ಒಬ್ಬರು ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು, "ಅಣ್ಣಾ, ಈ ಗೆರೆ ಎಲ್ಲಿಂದ ಬಂತು? ಇಲ್ಲಿ ಆನೆ ಕಂದಕ ಉಂಟಲ್ಲ."

ನೇರ ದೂರ ಒಂದು ಕಿಲೋಮೀಟರ್‌ಗೂ ಕಡಿಮೆ. ಕಂದಕ ಸುತ್ತಿ, ಆನೆ ತಡೆಯಲು ರೈಲ್ವೆ ಹಳಿಯಿಂದ ಹಾಕಿದ ಬೇಲಿ ಮುಗಿಯುವ ತನಕ ಹೋಗಿ, ಅಲ್ಲಿಂದ ರಸ್ತೆ ಹಿಡಿದು ವಾಪಸು ಬಂದರೆ ಮೂರೂವರೆ. ಆ ಹಾಡಿಯವರು ನಾನು ಹೇಳಿದ ನಿಲ್ದಾಣಕ್ಕೆ ಬರುವುದೇ ಇಲ್ಲ. ಅವರಿಗೆ ಹತ್ತಿರ ಆಗುವುದು ನಾನು ಆರರಲ್ಲಿ ಸೇರಿಸದೆ ಬಿಟ್ಟ ಇನ್ನೊಂದು ಅಂಗನವಾಡಿ.

ಆವತ್ತೇ ಆ ನಕ್ಷೆಯನ್ನು ಮಡಚಿಟ್ಟೆ. ಎಂಥ ಬುದ್ಧಿವಂತ ಲೆಕ್ಕ ಹಾಕಿದರೂ ದೂರದ ಪಟ್ಟಿ ಸುಳ್ಳಾದರೆ ಉತ್ತರವೂ ಸುಳ್ಳೇ, ಅಲ್ವಾ? ಮುಂದಿನ ಆರು ವಾರ ಹೋಗಿದ್ದು ದೂರ ಅಳೆಯುವುದಕ್ಕೆ. ಜನರೇ ಸೇರಿ ಮಾಡುವ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಡಾಂಬರು ರಸ್ತೆಗಳು ಇದ್ದವು. ತೋಟದೊಳಗಿನ ಜೀಪು ದಾರಿ ಅರ್ಧಂಬರ್ಧ. ಕಾಲುದಾರಿ ಇರಲೇ ಇಲ್ಲ. ಫೋನಿನ ಜಿಪಿಎಸ್ ಹಾಕಿಕೊಂಡು, ಅಲ್ಲಿನ ಹುಡುಗರ ಜೊತೆ ನಡೆದು, ಒಂದೊಂದೇ ಗೆರೆ ಸೇರಿಸಿದೆವು. ಗದ್ದೆ ಬದುವಿನ ಮೇಲೆ ಹೋಗುವ ದಾರಿ, ತೋಡಿಗೆ ಅಡ್ಡ ಹಾಕಿದ ಮರದ ದಿಮ್ಮಿ, ಕೂಲಿಯವರಿಗೆ ಮಾತ್ರ ತೆರೆಯುವ ಸಣ್ಣ ಗೇಟು, ಸೋಲಾರ್ ಬೇಲಿಯಲ್ಲಿ ದಾಟಲು ಬಿಟ್ಟ ಸಂದು. ಇವೆಲ್ಲ ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ, ಕಾಫಿ ಗಿಡದ ಮೇಲೆ ನೆರಳಿನ ಮರಗಳು ಮುಚ್ಚಿಕೊಂಡಿರುತ್ತವೆ.

ಕಿಲೋಮೀಟರ್ ಬದಲು ನಿಮಿಷದಲ್ಲಿ ಎಣಿಸಲು ಶುರು ಮಾಡಿದೆವು. ನಡಿಗೆಯ ವೇಗಕ್ಕೆ ಟೋಬ್ಲರ್ ಅನ್ನುವ ಭೂಗೋಳಶಾಸ್ತ್ರಜ್ಞ ಕೊಟ್ಟ ಒಂದು ಸೂತ್ರ ಇದೆ. ಸಮತಟ್ಟು ನೆಲದಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್. ನೂರು ಅಡಿ ಹೋಗುವಾಗ ಇಪ್ಪತ್ತು ಅಡಿ ಏರುವ ದಾರಿಯಾದರೆ ಅದು 2.5ಕ್ಕೆ ಇಳಿಯುತ್ತದೆ. ಅಂದರೆ ಸಮನೆಲದ 12 ನಿಮಿಷದ ದಾರಿ ಏರಿನಲ್ಲಿ 24 ನಿಮಿಷ. ನಮ್ಮ ರೋಗಿಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಅಜ್ಜಿಯರು, ರಕ್ತ ಕಡಿಮೆ ಇರುವ ಬಸುರಿಯರು ಜಾಸ್ತಿ. ಅವರ ಜೊತೆ ನಾಲ್ಕು ದಾರಿ ನಡೆದು ನೋಡಿ ಸೂತ್ರದ ವೇಗವನ್ನು ಇನ್ನೂ ಇಳಿಸಿದೆವು. ಆಮೇಲೆ ಡೈಕ್‌ಸ್ಟ್ರಾ 1959ರಲ್ಲಿ ಕೊಟ್ಟ ವಿಧಾನದಲ್ಲಿ ಪ್ರತಿ ಊರಿನಿಂದ ಪ್ರತಿ ನಿಲ್ದಾಣಕ್ಕೆ ಅತಿ ಕಡಿಮೆ ಹೊತ್ತಿನ ದಾರಿ ತೆಗೆದೆವು. 46 ಸಾಲು, 22 ಕಂಬಸಾಲು. ಈ ಪಟ್ಟಿಯನ್ನು ಪ್ರಿಂಟ್ ಹಾಕಿ ಮೂರು ಹಾಡಿಗಳಲ್ಲಿ ಓದಿ ಹೇಳಿದೆವು. ಎರಡು ಕಡೆ ಜನ ಮತ್ತೆ ತಿದ್ದಿದರು.

ಈಗ ಲೆಕ್ಕ. 22ರಲ್ಲಿ ಆರನ್ನು ಆರಿಸುವ ಬಗೆ 74,613. ನಿಜ ಹೇಳಬೇಕೆಂದರೆ ಇಷ್ಟಕ್ಕೆ ಯಾವ ಜಾಣತನವೂ ಬೇಡ. ಲ್ಯಾಪ್‌ಟಾಪಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆದು ಎಲ್ಲವನ್ನೂ ಒಂದೊಂದಾಗಿ ನೋಡಿಬಿಡಬಹುದು, ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ನಾವು ಹಾಗೇ ಮಾಡಿದೆವು. ಅದರಿಂದ ದೊಡ್ಡ ಲಾಭ ಆಯಿತು. ಸರಿಯಾದ ಉತ್ತರ ಯಾವುದು ಅಂತ ಖಚಿತವಾಗಿ ಗೊತ್ತಿದ್ದುದರಿಂದ, ಮುಂದೆ ಬಳಸಬೇಕಾದ ಹ್ಯೂರಿಸ್ಟಿಕ್ ವಿಧಾನಗಳನ್ನು ಅದರ ಎದುರು ಇಟ್ಟು ತೂಗಲು ಸಾಧ್ಯವಾಯಿತು. ಹ್ಯೂರಿಸ್ಟಿಕ್ ಅಂದರೆ ಎಲ್ಲವನ್ನೂ ನೋಡದೆ, ಒಂದು ಹದವಾದ ನಿಯಮ ಹಿಡಿದು ಒಳ್ಳೆಯ ಉತ್ತರಕ್ಕೆ ಬೇಗ ತಲುಪುವ ದಾರಿ. ಇದೇ ಅತ್ಯುತ್ತಮ ಅನ್ನುವ ಖಾತ್ರಿ ಅದು ಕೊಡುವುದಿಲ್ಲ. ಸಮಸ್ಯೆ ದೊಡ್ಡದಾದಾಗ ಅದನ್ನು ಬಿಟ್ಟರೆ ಹೆಚ್ಚು ಆಯ್ಕೆಯೂ ಇರುವುದಿಲ್ಲ. ಪಿ-ಮೀಡಿಯನ್ ಬಹಳ ಕಠಿಣವಾದ ಸಮಸ್ಯೆಗಳ ಗುಂಪಿಗೆ ಸೇರಿದ್ದು ಅಂತ ಕಾರಿವ್ ಮತ್ತು ಹಕೀಮಿ 1979ರಲ್ಲಿ ತೋರಿಸಿದ್ದಾರೆ.

ಮೊದಲು ಗ್ರೀಡಿ ವಿಧಾನ. ಒಂದೇ ನಿಲ್ದಾಣ ಇದ್ದರೆ ಎಲ್ಲಿ ಇಡಬೇಕು ಅಂತ ನೋಡಿ ಅದನ್ನು ಗಟ್ಟಿ ಮಾಡು. ಅದನ್ನು ಇಟ್ಟುಕೊಂಡು ಎರಡನೆಯದು ಆರಿಸು. ಹೀಗೆ ಆರರ ತನಕ. ಕೇಳಲು ಸರಿಯಾಗಿದೆ, ಕಮಿಟಿಗಳಲ್ಲಿ ನಾವೆಲ್ಲ ಸಾಮಾನ್ಯವಾಗಿ ಯೋಚಿಸುವುದೂ ಹೀಗೇ. ಆದರೆ 74,613 ಉತ್ತರಗಳ ಸಾಲಿನಲ್ಲಿ ಗ್ರೀಡಿಯ ಉತ್ತರ ಮೊದಲ ನೂರರಲ್ಲೂ ಇರಲಿಲ್ಲ. ಯಾಕೆ ಅಂತ ಟ್ರಸ್ಟಿನವರಿಗೆ ಹೇಳಲು ಹಲಗೆ ಮೇಲೆ ಒಂದು ಗೆರೆ ಎಳೆದೆ. ಒಂದೇ ರಸ್ತೆಯಲ್ಲಿ ಮೂರು ಊರು. ಮೊದಲನೆಯದರಲ್ಲಿ 20 ಮನೆ, ಅಲ್ಲಿಂದ 3 ಕಿಲೋಮೀಟರ್‌ಗೆ ಎರಡನೆಯದು 10 ಮನೆ, ಇನ್ನೂ 3 ಕಿಲೋಮೀಟರ್‌ಗೆ ಮೂರನೆಯದು 20 ಮನೆ. ಒಂದು ನಿಲ್ದಾಣ ಇಡು ಅಂದರೆ ನಡುವಿನ ಊರೇ ಸರಿ, ಮೊತ್ತ 120. ತುದಿಯಲ್ಲಿ ಇಟ್ಟರೆ 150. ಈಗ ಎರಡನೆಯದು ಸೇರಿಸು. ನಡುವಿನದು ಆಗಲೇ ಗಟ್ಟಿಯಾಗಿದೆ, ಹಾಗಾಗಿ ಒಂದು ತುದಿ ಸೇರುತ್ತದೆ, ಇನ್ನೊಂದು ತುದಿಯ 20 ಮನೆಯವರು 3 ಕಿಲೋಮೀಟರ್ ನಡೆಯಬೇಕು, ಮೊತ್ತ 60. ಎರಡು ತುದಿಯಲ್ಲಿ ಇಟ್ಟಿದ್ದರೆ ನಡುವಿನ 10 ಮನೆ ಮಾತ್ರ ನಡೆಯುತ್ತಿತ್ತು, ಮೊತ್ತ 30. ಮೊದಲ ಹೆಜ್ಜೆ ಆ ಹೊತ್ತಿಗೆ ಸರಿ ಇತ್ತು. ಎರಡನೇ ಹೆಜ್ಜೆ ಬಂದ ಮೇಲೆ ಅದು ತಪ್ಪಾಯಿತು, ಆದರೆ ವಾಪಸು ಹೋಗಲು ನಿಯಮದಲ್ಲಿ ಜಾಗ ಇಲ್ಲ.

ನಮ್ಮ ನಿಜವಾದ ನಕ್ಷೆಯಲ್ಲೂ ಆದದ್ದು ಇದೇ. ತಿತಿಮತಿ ಪೇಟೆಯ ಬಸ್ ತಂಗುದಾಣ ಮೊದಲಿಗೇ ಬಂದು ಕೂತಿತು, ಆಮೇಲೆ ಕದಲಲಿಲ್ಲ. ಪೇಟೆಯವರಿಗೆ ಗೋಣಿಕೊಪ್ಪಕ್ಕೆ ಬಸ್ ಇದೆ, ಅವರಿಗೆ ವ್ಯಾನ್ ಅಷ್ಟು ಅಗತ್ಯ ಇರಲಿಲ್ಲ.

ಆಗ ತೈಟ್ಜ್ ಮತ್ತು ಬಾರ್ಟ್ 1968ರಲ್ಲಿ ಬರೆದ ಅದಲುಬದಲು ವಿಧಾನ ತಗೊಂಡೆ. ಯಾವುದಾದರೂ ಆರು ಜಾಗದಿಂದ ಶುರು ಮಾಡು. ಒಳಗಿರುವ ಒಂದನ್ನು ತೆಗೆದು ಹೊರಗಿರುವ ಒಂದನ್ನು ಹಾಕಿ ನೋಡು. ಮೊತ್ತ ಇಳಿದರೆ ಇಟ್ಟುಕೋ, ಇಲ್ಲದಿದ್ದರೆ ವಾಪಸು. ನಮ್ಮದರಲ್ಲಿ ಒಂದು ಸುತ್ತಿಗೆ 6 ಗುಣಿಸು 16, ಅಂದರೆ 96 ಅದಲುಬದಲು. ಯಾವ ಬದಲಾವಣೆಯಿಂದಲೂ ಲಾಭ ಇಲ್ಲ ಅನ್ನುವಾಗ ನಿಲ್ಲು. ಅಷ್ಟೇ. ಹಲಗೆ ಮೇಲಿನ ಉದಾಹರಣೆಯಲ್ಲಿ ನಡುವಿನದನ್ನು ತೆಗೆದು ತುದಿಯದನ್ನು ಹಾಕಿದ ಕೂಡಲೇ 60 ಹೋಗಿ 30 ಆಗುತ್ತದೆ. ಬೇರೆ ಬೇರೆ ಆರಂಭದಿಂದ ಇದನ್ನು ಐವತ್ತು ಸಲ ಓಡಿಸಿದೆ. ಬಹಳಷ್ಟು ಸಲ ಅದು ನೇರ ಅತ್ಯುತ್ತಮ ಉತ್ತರಕ್ಕೇ ಬಂತು, ಉಳಿದ ಸಲ ಅದರ ಪಕ್ಕದಲ್ಲಿ ನಿಂತಿತು. ಐವತ್ತು ವರ್ಷ ದಾಟಿದ ವಿಧಾನ, ನಲವತ್ತು ಸಾಲಿನ ಪ್ರೋಗ್ರಾಂ. ನನಗೆ ಇವತ್ತಿಗೂ ಇದರ ಮೇಲೆ ತುಂಬ ಗೌರವ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಮೀಕರಣ ಬಿಡಿಸುವ ಪ್ರೋಗ್ರಾಂ, ಅಂದರೆ ಸಾಲ್ವರ್‌ಗೆ ಕೊಟ್ಟಿದ್ದರೂ ಈ ಗಾತ್ರದ್ದನ್ನು ಅದು ಖಾತ್ರಿಯ ಸಮೇತ ಬಿಡಿಸುತ್ತದೆ. ಆದರೆ ಉತ್ತರ ತಗೊಂಡು ಹಾಡಿಗಳಿಗೆ ಹೋದಾಗ ಒಂದೊಂದೇ ಮಾತು ಬಂತು.

ಮೊದಲ ಮಾತು ಕಾಡಂಚಿನ ಒಂದು ಸಣ್ಣ ಹಾಡಿಯಿಂದ. ಅಲ್ಲಿ ಒಂಬತ್ತು ಮನೆ. ಒಟ್ಟು ಮೊತ್ತ ಇಳಿಸುವ ಲೆಕ್ಕಕ್ಕೆ ಒಂಬತ್ತು ಮನೆ ಏನೂ ಅಲ್ಲ, ಅವರನ್ನು ಒಂದು ಗಂಟೆ ಹತ್ತು ನಿಮಿಷ ನಡೆಸಿದರೂ ಮೊತ್ತದಲ್ಲಿ ಗೊತ್ತೇ ಆಗುವುದಿಲ್ಲ. ಜಗಲಿಯಲ್ಲಿ ಕೂತಿದ್ದ ಅಜ್ಜಿ ನನ್ನನ್ನು ಕೇಳಿದರು, "ಮಗಾ, ಅಷ್ಟು ದೂರ ನಡೆಯುವಷ್ಟು ಶಕ್ತಿ ಇದ್ದರೆ ನನಗೆ ಡಾಕ್ಟರ್ ಯಾಕೆ?" ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊತ್ತದ ಲೆಕ್ಕಕ್ಕೂ ಅತಿ ದೂರದವರ ಲೆಕ್ಕಕ್ಕೂ ಇರುವ ಜಗಳ ಈ ಕ್ಷೇತ್ರದಲ್ಲಿ ಹಳೆಯದು. ಚರ್ಚ್ ಮತ್ತು ರೆವೆಲ್ 1974ರಲ್ಲಿ ಇಂತಿಷ್ಟು ದೂರದೊಳಗೆ ಎಷ್ಟು ಜನ ಬರುತ್ತಾರೆ ಅಂತ ಎಣಿಸುವ ಬೇರೆ ದಾರಿಯನ್ನೇ ಹಾಕಿದರು. ನಾವು 45 ನಿಮಿಷದ ಗಡಿ ಇಟ್ಟೆವು. ಅದರ ಆಚೆಯ ಪ್ರತಿ ನಿಮಿಷವನ್ನು ಐದು ನಿಮಿಷ ಅಂತ ಎಣಿಸು. ಐದು ಯಾಕೆ, ನಾಲ್ಕು ಯಾಕಲ್ಲ? ಕೂತು ಮಾತಾಡಿ ಇಟ್ಟ ಸಂಖ್ಯೆ ಅದು, ಗಣಿತದಿಂದ ಬಂದದ್ದಲ್ಲ. ಅದನ್ನು ಬಚ್ಚಿಡಬಾರದು ಅಂತ ನಕ್ಷೆಯ ಮೂಲೆಯಲ್ಲೇ ಬರೆದೆವು.

ಎರಡನೆಯ ಮಾತು ಹೊತ್ತಿನದು. ಸಂಜೆ ನಾಲ್ಕರ ಮೇಲೆ ಕೆಲವು ದಾರಿಗಳಲ್ಲಿ ಯಾರೂ ಹೋಗುವುದಿಲ್ಲ, ಆನೆ ಇಳಿಯುತ್ತದೆ. ಹಾಗಾಗಿ ಮಧ್ಯಾಹ್ನದ ನಿಲ್ದಾಣಕ್ಕೆ ಆ ದಾರಿಗಳು ಇಲ್ಲವೇ ಇಲ್ಲ ಅಂತ ಎಣಿಸಬೇಕು. ತೋಟದಲ್ಲಿ ಕೆಲಸ ಮಾಡುವವರಿಗೆ ಉಲ್ಟಾ, ಬೆಳಿಗ್ಗೆ ಬರಲು ಆಗುವುದಿಲ್ಲ, ಕೆಲಸ ಬಿಟ್ಟ ಮೇಲೆ ಬೇಕು.

ಮೂರನೆಯದು ಕಾಲದ್ದು, ಇದೇ ಎಲ್ಲವನ್ನೂ ಅಲ್ಲಾಡಿಸಿತು. ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ತುಂಬಿದರೆ ಬಾಳೆಲೆ ಕಡೆಯ ಗದ್ದೆ ದಾರಿಗಳು ನೀರಿನಡಿ. ದಿಮ್ಮಿ ಸಂಕಗಳು ಹೋಗುತ್ತವೆ. ಕಾಫಿ ಕುಯ್ಲಿನ ಕಾಲದಲ್ಲಿ ದಾರಿ ಒಣಗಿರುತ್ತದೆ, ಆದರೆ ಜನ ಬದಲಾಗುತ್ತಾರೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದವರು ಲೈನ್ ಮನೆಗಳಲ್ಲಿ ತುಂಬುತ್ತಾರೆ, ಹಾಡಿಯವರು ಕೆಲವರು ಕೆಲಸ ಇರುವ ತೋಟಕ್ಕೇ ಹೋಗಿ ಇರುತ್ತಾರೆ. ಅಂದರೆ ಎರಡು ದೂರದ ಪಟ್ಟಿ, ಎರಡು ಜನಸಂಖ್ಯೆ. ಎರಡು ಕಾಲಕ್ಕೂ ಬೇರೆ ಬೇರೆ ಆರು ನಿಲ್ದಾಣ ಮಾಡೋಣ ಅಂದರೆ ಆಶಾ ಅಕ್ಕಂದಿರು ಒಪ್ಪಲಿಲ್ಲ. "ಜನರಿಗೆ ಒಂದು ಜಾಗ ರೂಢಿ ಆಗಲು ಮೂರು ತಿಂಗಳು ಬೇಕು ಅಣ್ಣಾ, ಸುಮ್ನೆ ಬದಲಿಸಿದರೆ ಯಾರೂ ಬರಲ್ಲ" ಅಂದರು. ಹಾಗಾಗಿ ಎರಡು ಕಾಲಕ್ಕೂ ಆದಷ್ಟು ಒಂದೇ ಜಾಗ ಇರಬೇಕು, ಬದಲಿಸಿದ ಪ್ರತಿ ನಿಲ್ದಾಣಕ್ಕೆ ಒಂದು ದಂಡ ಅಂತ ಇಟ್ಟೆವು.

ಈಗ ಎರಡೂ ಕಾಲವನ್ನು ಒಟ್ಟಿಗೆ ನೋಡಬೇಕು. 74,613ನ್ನು 74,613ರಿಂದಲೇ ಗುಣಿಸಿ: 556 ಕೋಟಿ ದಾಟುತ್ತದೆ. ಎಲ್ಲವನ್ನೂ ನೋಡುವ ದಾರಿ ಮುಚ್ಚಿತು. ಸಾಲ್ವರ್‌ಗೆ ಇದನ್ನೆಲ್ಲ ಸಮೀಕರಣ ಮಾಡಿ ಬರೆಯಬಹುದು, ಆದರೆ ಪ್ರತಿ ಸಭೆಯಲ್ಲೂ ಒಂದು ಹೊಸ ಮಾತು ಬರುತ್ತಿತ್ತು, ಪ್ರತಿ ಸಲ ಸಮೀಕರಣ ತಿದ್ದಿ ಕೂರುವಷ್ಟು ನನಗೆ ಸಮಯವೂ ಇರಲಿಲ್ಲ, ಸತ್ಯವಾಗಿ ಹೇಳಿದರೆ ಅಷ್ಟು ನುರಿತ ಕೈಯೂ ಅಲ್ಲ. ಹ್ಯೂರಿಸ್ಟಿಕ್‌ನಲ್ಲಿ ಬೇಕಾಗುವುದು ಇಷ್ಟೇ: ಒಂದು ಆಯ್ಕೆ ಕೊಟ್ಟರೆ ಅದರ ಮೊತ್ತ ಎಷ್ಟು ಅಂತ ಹೇಳುವ ಒಂದು ಲೆಕ್ಕ. ಹೊಸ ಮಾತು ಬಂದರೆ ಆ ಲೆಕ್ಕಕ್ಕೆ ಒಂದು ಸಾಲು ಸೇರಿಸು, ಮತ್ತೆ ಓಡಿಸು.

ಅದಲುಬದಲು ವಿಧಾನವನ್ನೇ ಓಡಿಸಿದೆ. ಈ ಸಲ ಅದು ಸಿಕ್ಕಿಹಾಕಿಕೊಂಡಿತು. ಐವತ್ತು ಆರಂಭಕ್ಕೆ ಹತ್ತಾರು ಬೇರೆ ಬೇರೆ ಉತ್ತರ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಒಂದು ನಿಲ್ದಾಣ ಎರಡೂ ಕಾಲದಲ್ಲಿ ಶಾಲೆ ಅಂಗಳದಲ್ಲಿ ಇದೆ ಅಂದುಕೊಳ್ಳಿ. ಅದನ್ನು ಅಂಗನವಾಡಿಗೆ ಸರಿಸಿದರೆ ಮಳೆಗಾಲದಲ್ಲಿ 200 ಉಳಿಯುತ್ತದೆ, ಕುಯ್ಲಿನ ಕಾಲದಲ್ಲಿ 250 ಉಳಿಯುತ್ತದೆ. ಎರಡು ಕಾಲಕ್ಕೆ ಜಾಗ ಬೇರೆ ಬೇರೆ ಆದರೆ ದಂಡ 300. ವಿಧಾನ ಒಂದು ಸಲಕ್ಕೆ ಒಂದನ್ನೇ ಸರಿಸುತ್ತದೆ. ಮಳೆಗಾಲದ್ದನ್ನು ಸರಿಸಿದ ಕೂಡಲೇ 200 ಇಳಿದು 300 ಏರಿತು, ನೂರು ನಷ್ಟ, ಬೇಡ ಅಂತ ವಾಪಸು. ಕುಯ್ಲಿನದ್ದನ್ನು ಸರಿಸಿದರೂ 50 ನಷ್ಟ. ಎರಡನ್ನೂ ಒಟ್ಟಿಗೆ ಸರಿಸಿದ್ದರೆ 450 ಲಾಭ ಇತ್ತು, ಆದರೆ ಅಲ್ಲಿಗೆ ಹೋಗಲು ನಡುವೆ ಒಂದು ನಷ್ಟದ ಹೆಜ್ಜೆ ಇಡಬೇಕು. ತಡಿಯಂಡಮೋಳ್ ಬೆಟ್ಟ ಹತ್ತುವಾಗ ಮಂಜು ಮುಚ್ಚಿದರೆ ಆಗುವುದು ಇದೇ. ಏರು ಇರುವ ಕಡೆ ಮಾತ್ರ ಕಾಲಿಡುತ್ತೇನೆ ಅಂದರೆ ನಡುವಿನ ದಿಣ್ಣೆಯ ಮೇಲೆ ನಿಂತುಬಿಡುತ್ತೀರಿ, ಶಿಖರಕ್ಕೆ ಹೋಗಲು ಸ್ವಲ್ಪ ಇಳಿಯಬೇಕು.

ಇಳಿಯಲು ಬಿಡುವ ವಿಧಾನವೇ ಸಿಮ್ಯುಲೇಟೆಡ್ ಅನೀಲಿಂಗ್. ಕರ್ಕ್‌ಪ್ಯಾಟ್ರಿಕ್, ಗೆಲಾಟ್, ವೆಕ್ಕಿ ಮೂವರು 1983ರಲ್ಲಿ ಕೊಟ್ಟದ್ದು. ಹೆಸರು ಕಮ್ಮಾರರ ಕೆಲಸದಿಂದ ಬಂದದ್ದು. ಕಾಯಿಸಿದ ಕಬ್ಬಿಣವನ್ನು ಬೂದಿಯಲ್ಲಿ ಹೂತು ನಿಧಾನ ಆರಲು ಬಿಟ್ಟರೆ ಒಳಗಿನ ಬಿಗಿತ ಬಿಟ್ಟು ಹದಕ್ಕೆ ಬರುತ್ತದೆ. ಇಲ್ಲೂ ಒಂದು ತಾಪ ಇರುತ್ತದೆ. ಲಾಭದ ಬದಲಾವಣೆ ಬಂದರೆ ಯಾವಾಗಲೂ ಒಪ್ಪು. ನಷ್ಟದ್ದು ಬಂದರೆ ತಾಪ ನೋಡಿ ಕೆಲವು ಸಲ ಒಪ್ಪು. ನೂರು ನಷ್ಟದ ಹೆಜ್ಜೆಯನ್ನು, ತಾಪ 100 ಇದ್ದಾಗ ನೂರಕ್ಕೆ ಸುಮಾರು 37 ಸಲ ಒಪ್ಪುತ್ತದೆ. ತಾಪ 33ಕ್ಕೆ ಇಳಿದಾಗ ಸುಮಾರು 5 ಸಲ ಮಾತ್ರ. ಮೊದಲು ಧಾರಾಳವಾಗಿ ಅಲೆದಾಡಿ, ಬರಬರುತ್ತಾ ಗಟ್ಟಿಯಾಗುತ್ತದೆ. ತಾಪವನ್ನು ಬೇಗ ಇಳಿಸಿದರೆ ಕೆಟ್ಟ ಜಾಗದಲ್ಲೇ ಹೆಪ್ಪುಗಟ್ಟುತ್ತದೆ, ನಾನು ಮೊದಲ ಸಲ ಹಾಗೇ ಕೆಡಿಸಿದೆ.

ಅನೀಲಿಂಗ್ ನಮಗೆ ದಾರಿ ತೋರಿಸಿತು. ಅದು ತಂದ ಉತ್ತರಗಳು ಹಳೆಯವಕ್ಕಿಂತ ಚೆನ್ನಾಗಿದ್ದವು. ಆದರೆ ಸಿಕ್ಕಿಹಾಕಿಕೊಳ್ಳುವ ಕಾರಣ ತಿಳಿದ ಮೇಲೆ ಇನ್ನೊಂದು ಕೆಲಸ ಮಾಡಿದೆ, ಅದೇ ಜಾಸ್ತಿ ಫಲ ಕೊಟ್ಟಿತು. ಹಳೆಯ ಅದಲುಬದಲಿಗೆ ಒಂದು ಹೊಸ ಬಗೆಯ ಹೆಜ್ಜೆ ಸೇರಿಸಿದೆ: ಒಂದು ನಿಲ್ದಾಣವನ್ನು ಎರಡೂ ಕಾಲದಲ್ಲಿ ಒಟ್ಟಿಗೆ ಸರಿಸು. ಇಷ್ಟು ಮಾಡಿದ ಕೂಡಲೇ ಐವತ್ತರಲ್ಲಿ ಹೆಚ್ಚಿನ ಆರಂಭಗಳು ಅನೀಲಿಂಗ್ ತಂದ ಉತ್ತರಕ್ಕೇ ಬಂದು ಸೇರಿದವು. ಎರಡು ಬೇರೆ ವಿಧಾನ ಒಂದೇ ಕಡೆ ಬಂದು ನಿಂತಾಗ ನನಗೂ ಸ್ವಲ್ಪ ಧೈರ್ಯ ಬಂತು. ಟಾಬೂ ಸರ್ಚ್, ಜೆನೆಟಿಕ್ ವಿಧಾನ ಅಂತ ಇನ್ನೂ ಇವೆ, ಅವುಗಳ ತನಕ ನಾವು ಹೋಗಲಿಲ್ಲ. ದೊಡ್ಡ ಹೆಸರಿನ ವಿಧಾನ ಹುಡುಕುವ ಮೊದಲು ನಿಮ್ಮ ಸಮಸ್ಯೆಯಲ್ಲಿ ಯಾವ ಹೆಜ್ಜೆಗೆ ಅರ್ಥ ಇದೆ ಅಂತ ನೋಡಿ ಅನ್ನುತ್ತೇನೆ.

ಕೊನೆಗೆ ಒಂದು ಉತ್ತರ ಕೊಡಲಿಲ್ಲ, ನಾಲ್ಕು ಕೊಟ್ಟೆವು. ಹುಡುಕುವಾಗ ಸಿಕ್ಕ ಎಲ್ಲ ಉತ್ತರ ಬರೆದಿಟ್ಟುಕೊಂಡಿದ್ದೆ. ಅತ್ಯುತ್ತಮಕ್ಕೂ ಅದರ ಹಿಂದಿನ ನಾಲ್ಕಾರಕ್ಕೂ ವ್ಯತ್ಯಾಸ ನೂರಕ್ಕೆ ಒಂದೂ ಇರಲಿಲ್ಲ, ನಮ್ಮ ನಡಿಗೆಯ ನಿಮಿಷಗಳ ಅಂದಾಜಿನಲ್ಲೇ ಅದಕ್ಕಿಂತ ಜಾಸ್ತಿ ತಪ್ಪಿರುತ್ತದೆ. ಹಾಗಿರುವಾಗ ಮೊದಲನೆಯದೇ ಸರಿ ಅಂತ ಹಟ ಹಿಡಿಯುವುದರಲ್ಲಿ ನ್ಯಾಯ ಇಲ್ಲ. ನಾಲ್ಕು ಹಾಳೆ ತಗೊಂಡು ಹೋದೆವು. ಮೊದಲನೆಯದರಲ್ಲಿ ಒಂದು ನಿಲ್ದಾಣ ತೋಟದ ಗೇಟಿನಲ್ಲಿತ್ತು. ಆ ಗೇಟಿನ ಹತ್ತಿರ ನಿಲ್ಲಲು ಎರಡು ಹಾಡಿಯವರಿಗೆ ಮನಸ್ಸಿಲ್ಲ. ಕಾರಣ ಹಳೆಯದು, ಅವರು ಹೇಳಿದರು, ನಾವು ಬರೆದುಕೊಳ್ಳಲಿಲ್ಲ. ಮೂರನೇ ಹಾಳೆಯಲ್ಲಿ ಅದು ಅಂಗನವಾಡಿಯಲ್ಲಿತ್ತು. ಎಲ್ಲರೂ ಅದನ್ನೇ ಹಿಡಿದರು. ಒಂಬತ್ತು ಮನೆಯ ಹಾಡಿಗೆ ಅದರಲ್ಲಿ 35 ನಿಮಿಷ.

ಯಾವ ದಿನ ಯಾವ ಎರಡು ನಿಲ್ದಾಣ ಅನ್ನುವುದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. ಆರನ್ನು ಎರಡೆರಡಾಗಿ ಜೋಡಿಸುವ ಬಗೆ 15 ಮಾತ್ರ. ಡ್ರೈವರ್ ಅಣ್ಣ ಕಾಗದದ ಮೇಲೆ ಹಾಕಿದರು. ಸಂತೆ ದಿನ ಬಿಟ್ಟರು, ಕಾಡಂಚಿನವನ್ನು ಬೆಳಿಗ್ಗೆಗೆ, ಲೈನ್ ಮನೆ ಕಡೆಯವನ್ನು ಕೆಲಸ ಬಿಡುವ ಹೊತ್ತಿಗೆ ಇಟ್ಟರು.

ಈಗ ಕುಯ್ಲಿನ ಕಾಲ ಮುಗಿಯುತ್ತಾ ಬಂದಿದೆ. ಆಶಾ ಅಕ್ಕಂದಿರು ಲೈನ್ ಮನೆಗಳ ಹೊಸ ಲೆಕ್ಕ ಕಳಿಸಿದ್ದಾರೆ, ಮಾಲ್ದಾರೆ ಕಡೆ ನಾವು ಅಂದುಕೊಂಡದ್ದಕ್ಕಿಂತ ಜನ ಜಾಸ್ತಿ. ನಿನ್ನೆ ರಾತ್ರಿ ಮತ್ತೆ ಓಡಿಸಿದೆ, ಐದು ನಿಲ್ದಾಣ ಹಾಗೇ ಉಳಿದವು, ಒಂದು ಸರಿಯಬೇಕು ಅನ್ನುತ್ತಿದೆ. ಬಾಳೆಲೆ ಕಡೆ ಒಂದು ತೋಡಿಗೆ ಹೊಸ ಕಾಲುಸಂಕ ಹಾಕುತ್ತಿದ್ದಾರಂತೆ. ಅದು ಮಳೆಗೆ ಮೊದಲು ಮುಗಿದರೆ ಮಳೆಗಾಲದ ಪಟ್ಟಿಯಲ್ಲಿ ಎಂಟು ಸಾಲು ಬದಲಾಗುತ್ತದೆ. ಈ ಭಾನುವಾರ ಹೋಗಿ ಆ ದಾರಿ ನಡೆದು ಬರಬೇಕು.